ನ್ಯೂಜೆರ್ಸಿಯ ಸಮುದಾಯ ತರಕಾರಿ ತೋಟ: ಬೇಸಿಗೆಗೆ ಪೂರ್ಣ ಅಂಕ, ಶರತ್ಕಾಲಕ್ಕೆ ಅರ್ಧ

ಮಧ್ಯ ನ್ಯೂಜೆರ್ಸಿಯ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ ನಾವಿರುವ ಟೌನ್‌ಶಿಪ್ (ಊರಿನ ಸ್ಥಳೀಯ ಆಡಳಿತ) ತನ್ನ ನಿವಾಸಿಗಳಿಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬಾಡಿಗೆಗೆ ಕೊಡುವ ಸಮುದಾಯ ತರಕಾರಿ ತೋಟದ ವಿಮರ್ಶೆ ಇದು. ಊರಿನ ಹೆಸರನ್ನು ಬರೆದಿಲ್ಲ; ಸುತ್ತಲಿನ ಹಲವು ಟೌನ್‌ಶಿಪ್‌ಗಳಲ್ಲಿ ಇಂಥ ತೋಟಗಳಿದ್ದು, ಅವುಗಳ ವ್ಯವಸ್ಥೆ ಹೆಚ್ಚುಕಡಿಮೆ ಇದೇ ರೀತಿಯದಾದ್ದರಿಂದ ಹೆಸರಿಲ್ಲದೆಯೂ ಓದುಗರಿಗೆ ಉಪಯೋಗವಾದೀತು. ಇಲ್ಲಿ ಹೇಳುತ್ತಿರುವುದು 2024ರ ಹಂಗಾಮಿನ ಅನುಭವ. ಮೇ ತಿಂಗಳಿನಿಂದ ಆಗಸ್ಟ್ ಕೊನೆಯವರೆಗೆ ಈ ತೋಟಕ್ಕೆ ಕೊಟ್ಟ ಬಾಡಿಗೆ ಪೂರ್ತಿ ಸಾರ್ಥಕ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನಮ್ಮ ಕಡೆಯ ಸೊಪ್ಪು, ಕಾಯಿ, ಕಾಳುಗಳನ್ನು ಬೆಳೆಯುವವರ ಪಾಲಿಗೆ ತೋಟದ ನಿಜವಾದ ಬೆಲೆ ತಿಳಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಆ ಎರಡು ತಿಂಗಳಲ್ಲಿ ಈ ತೋಟ ಹಿಂದೆ ಬೀಳುತ್ತದೆ.

ಒಂದು ಹಂಗಾಮಿಗೆ ಐವತ್ತು ಡಾಲರ್ ಕಟ್ಟಿದರೆ ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಪ್ಲಾಟ್ ಒಂದು ಕುಟುಂಬದ ಹೆಸರಿಗೆ ಬರುತ್ತದೆ. ನಾಲ್ಕುನೂರು ಚದರಡಿ ಎಂದರೆ ಕೇಳಲು ಚಿಕ್ಕದು. ಜುಲೈನಲ್ಲಿ ಕಳೆ ಕೀಳಲು ಕುಳಿತಾಗ ಅದರ ವಿಸ್ತಾರ ಅರಿವಿಗೆ ಬರುತ್ತದೆ. ಹೊಸಬರು ಅರ್ಧ ಪ್ಲಾಟ್ ಕೇಳಿ ಪಡೆಯುವುದು ಒಳ್ಳೆಯದು. ಬಾಡಿಗೆಯ ಜೊತೆಗೆ ಸಿಗುವುದು ಬೇಲಿ, ನಲ್ಲಿ ನೀರು, ಟೌನ್‌ಶಿಪ್ ತಂದು ಸುರಿಯುವ ಎಲೆಗೊಬ್ಬರ, ನಡೆದಾಡುವ ದಾರಿಗೆ ಹಾಸಲು ಮರದ ಚೂರು ಮತ್ತು ಒಂದು ಶೆಡ್‌ನಲ್ಲಿಟ್ಟ ಸಾಮಾನು. ಸಾಮಾನಿನ ಬಗ್ಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲ. ತಳ್ಳುಗಾಡಿಗಳು ಗಟ್ಟಿಯಾಗಿವೆ, ಸಲಿಕೆಗಳು ಸವೆದಿವೆ, ಕುಡುಗೋಲು ಇಲ್ಲವೇ ಇಲ್ಲ; ಕೈಗೆ ಒಗ್ಗಿದ ಕಳೆಗುದ್ದಲಿಯನ್ನು ಮನೆಯಿಂದಲೇ ಒಯ್ಯಬೇಕು.

ಬೇಲಿಯ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನ್ಯೂಜೆರ್ಸಿಯಲ್ಲಿ ಮನೆಯ ಹಿತ್ತಲಿನಲ್ಲಿ ತರಕಾರಿ ಬೆಳೆಯಲು ಹೋಗಿ ಕೈಬಿಟ್ಟ ಬಹುತೇಕರ ಕಥೆ ಜಿಂಕೆಯಿಂದಲೇ ಶುರುವಾಗುತ್ತದೆ. ಇಲ್ಲಿಯ ಬಿಳಿಬಾಲದ ಜಿಂಕೆ ಐದಾರು ಅಡಿಯ ಬೇಲಿಯನ್ನು ನಿಂತಲ್ಲಿಂದಲೇ ಹಾರುತ್ತದೆ. ಆದ್ದರಿಂದ ಎಂಟು ಅಡಿಗಿಂತ ಕಡಿಮೆ ಎತ್ತರದ ಬೇಲಿ ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ. ನಮ್ಮ ತೋಟದ ಬೇಲಿ ಎಂಟು ಅಡಿ ಎತ್ತರವಿದೆ, ಕಂಬಗಳು ನೆಟ್ಟಗಿವೆ, ಗೇಟು ತಾನಾಗಿಯೇ ಮುಚ್ಚಿಕೊಳ್ಳುತ್ತದೆ; ಹಂಗಾಮಿನುದ್ದಕ್ಕೂ ಒಳಗೆ ಜಿಂಕೆಯ ಹೆಜ್ಜೆ ಕಾಣಲಿಲ್ಲ. ಗ್ರೌಂಡ್‌ಹಾಗ್ ಮಾತ್ರ ಬಂತು. ನಮ್ಮ ಕಡೆಯ ಹೆಗ್ಗಣಕ್ಕಿಂತ ಹಲವು ಪಟ್ಟು ದೊಡ್ಡದಾದ ಈ ಪ್ರಾಣಿ ಬೇಲಿಯ ಬುಡದಲ್ಲಿ ಬಿಲ ತೋಡಿ ನುಗ್ಗುತ್ತದೆ, ಹುರುಳಿಕಾಯಿಯ ಎಳೆ ಬಳ್ಳಿಗಳನ್ನು ಒಂದು ಬೆಳಗಿನಲ್ಲಿ ನುಣ್ಣಗೆ ಮೇಯುತ್ತದೆ. ತಂತಿ ಜಾಲರಿಯನ್ನು ಒಂದಡಿ ಆಳಕ್ಕೆ ಹೂತು, ಅಲ್ಲಿಂದ ಹೊರಮುಖವಾಗಿ ಬಾಗಿಸಿದ ಕಡೆಗಳಲ್ಲಿ ಅದು ಒಳಬರಲಾಗಿಲ್ಲ. ಹೂಳದೆ ಬಿಟ್ಟ ಪಶ್ಚಿಮದ ಬದಿಯಲ್ಲಿ ಜೂನ್ ಪೂರ್ತಿ ದಾರಿ ತೆರೆದಿತ್ತು. ದೂರು ಕೊಟ್ಟ ಮೇಲೆ ಕಲ್ಲು ತುಂಬಿ ಸರಿಪಡಿಸಿದರು, ನಿಜ. ಆದರೆ ಏಪ್ರಿಲ್‌ನಲ್ಲಿಯೇ ಮಾಡಬಹುದಾಗಿದ್ದ ಕೆಲಸ ಅದು.

ಈ ಭಾಗದ ಮಣ್ಣು ಕೆಂಪು ಶೇಲ್ ಶಿಲೆ ಕರಗಿ ಆದದ್ದು. ಬಣ್ಣ ನೋಡಿ ನಮ್ಮ ತುಮಕೂರು ಕೋಲಾರದ ಕೆಂಪು ಮಣ್ಣೆಂದು ಹಿಗ್ಗುವವರಿದ್ದಾರೆ, ಆದರೆ ಗುಣ ಬೇರೆ: ಮಳೆ ಬಿದ್ದರೆ ಜಿಗುಟು, ಒಣಗಿದರೆ ಹೆಂಟೆ, ಜೊತೆಗೆ ಹುಳಿ ಗುಣ. ಮೊದಲ ವರ್ಷ ಪ್ಲಾಟ್ ಪಡೆದವರು ಬಿತ್ತುವ ಮೊದಲು ರಟ್‌ಗರ್ಸ್ ವಿಶ್ವವಿದ್ಯಾಲಯದ ಮಣ್ಣು ಪರೀಕ್ಷಾ ಪ್ರಯೋಗಾಲಯಕ್ಕೆ ಮಾದರಿ ಕಳಿಸುವುದು ಒಳ್ಳೆಯದು. ಸುಣ್ಣ ಎಷ್ಟು ಹಾಕಬೇಕು, ರಂಜಕ ಬೇಕೋ ಬೇಡವೋ ಎಂಬುದನ್ನು ಅವರ ವರದಿ ಬೆಳೆಯ ಹೆಸರು ಹಿಡಿದೇ ಹೇಳುತ್ತದೆ. ಟೌನ್‌ಶಿಪ್ ಉಚಿತವಾಗಿ ಕೊಡುವ ಎಲೆಗೊಬ್ಬರ ಒಳ್ಳೆಯ ಸರಕು. 1987ರ ಮರುಬಳಕೆ ಕಾನೂನಿನ ನಂತರ ನ್ಯೂಜೆರ್ಸಿಯಲ್ಲಿ ಉದುರೆಲೆಯನ್ನು ಕಸದ ಗುಂಡಿಗೆ ಸುರಿಯುವಂತಿಲ್ಲವಾದ್ದರಿಂದ ಊರೂರೂ ಅದನ್ನು ರಾಶಿ ಹಾಕಿ ಕೊಳೆಸುತ್ತದೆ, ಹಾಗಾಗಿ ಗೊಬ್ಬರಕ್ಕೆ ಕೊರತೆಯಿಲ್ಲ. ಅದು ಮಣ್ಣನ್ನು ಹಗುರ ಮಾಡುತ್ತದೆ, ತೇವ ಹಿಡಿದಿಡುತ್ತದೆ. ಆದರೆ ಸಾರಜನಕ ಬಹಳ ಕಡಿಮೆ. ಎಲೆಗೊಬ್ಬರವನ್ನಷ್ಟೇ ನಂಬಿದ ಪ್ಲಾಟ್‌ಗಳಲ್ಲಿ ಬದನೆ ಗಿಡ ಜುಲೈ ಮಧ್ಯದಲ್ಲಿ ಹಳದಿಗೆ ತಿರುಗಿದ್ದನ್ನು ಕಂಡಿದ್ದೇನೆ. ಕೋಳಿ ಗೊಬ್ಬರವನ್ನೋ ಹಿಂಡಿಯನ್ನೋ ಬೆರೆಸಿದವರ ಗಿಡಗಳು ಅಕ್ಟೋಬರ್‌ವರೆಗೂ ಹಸಿರಾಗಿದ್ದವು.

ಇಲ್ಲಿಯ ರೂಢಿಯಂತೆ ಟೊಮೇಟೊ ಸಸಿ ನೆಡುವುದು ಮೇ ತಿಂಗಳ ಎರಡನೆಯ ಭಾನುವಾರದ ಮದರ್ಸ್ ಡೇ ಕಳೆದ ಮೇಲೆ. ಆ ವಾರ ತೋಟದ ಬಾಗಿಲಿನಲ್ಲಿ ಸ್ವಯಂಸೇವಕರು ಸಸಿಗಳನ್ನು ಹಂಚುತ್ತಾರೆ. ಅವುಗಳಲ್ಲಿ ರಟ್‌ಗರ್ಸ್ ತಳಿಯ ಟೊಮೇಟೊವನ್ನು ಬಿಡದೆ ತೆಗೆದುಕೊಳ್ಳಿರೆಂದು ಹೇಳುತ್ತೇನೆ. 1934ರಲ್ಲಿ ಇದೇ ರಾಜ್ಯದಲ್ಲಿ ಹೊರಬಂದ ಈ ತಳಿ ಒಂದು ಕಾಲಕ್ಕೆ ಸೂಪು ಮತ್ತು ಡಬ್ಬಿ ಕಾರ್ಖಾನೆಗಳಿಗೆ ಲೋಡುಗಟ್ಟಲೆ ಹೋಗುತ್ತಿತ್ತು. ಹಣ್ಣಿನಲ್ಲಿ ಹುಳಿಯೂ ರಸವೂ ಸಮವಾಗಿರುವುದರಿಂದ ಹುಣಸೆಹಣ್ಣು ಕಡಿಮೆ ಹಾಕಿ ಸಾರು ಮಾಡುವವರಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಬೆಂಡೆಯನ್ನು ಮಾತ್ರ ಜೂನ್ ಮೊದಲ ವಾರದವರೆಗೆ ತಡೆಯಬೇಕು. ಮಣ್ಣು ಬೆಚ್ಚಗಾಗದೆ ಬಿತ್ತಿದ ಬೀಜ ಕೊಳೆಯುತ್ತದೆ. ಬದನೆಗೆ ಇಲ್ಲಿಯ ದೊಡ್ಡ ಶತ್ರು ಫ್ಲೀ ಬೀಟಲ್ ಎಂಬ ಎಳ್ಳುಕಾಳಿನಷ್ಟು ಚಿಕ್ಕ ಕಪ್ಪು ಜೀರುಂಡೆ. ಎಲೆಯನ್ನು ಬೆಳಕಿಗೆ ಹಿಡಿದರೆ ಜರಡಿಯಂತೆ ತೂತು ತೂತಾಗಿ ಕಾಣುತ್ತದೆ, ಎಳೆ ಸಸಿಯಾದರೆ ಉಳಿಯುವುದೇ ಕಷ್ಟ. ರಾಸಾಯನಿಕ ಸಿಂಪಡಿಸುವುದನ್ನು ತೋಟದ ನಿಯಮ ನಿಷೇಧಿಸಿದೆ, ಅದು ಸರಿಯಾದ ನಿಯಮವೂ ಹೌದು. ಆದ್ದರಿಂದ ನೆಟ್ಟ ದಿನವೇ ತೆಳುವಾದ ಬಿಳಿ ಹೊದಿಕೆ ಬಟ್ಟೆಯನ್ನು ಸಾಲಿನ ಮೇಲೆ ಹೊದೆಸಿ, ಅಂಚುಗಳನ್ನು ಮಣ್ಣಿನಲ್ಲಿ ಹೂತು, ಹೂ ಕಾಣಿಸಿಕೊಂಡ ಮೇಲೆ ತೆಗೆಯಬೇಕು. ಈ ಬಟ್ಟೆಯನ್ನು ತೋಟದ ವತಿಯಿಂದಲೇ ಸಗಟಾಗಿ ತರಿಸಿ ಅಳತೆ ಮಾಡಿ ಮಾರುತ್ತಾರೆ. ಅಂಗಡಿಯ ಬೆಲೆಗೆ ಹೋಲಿಸಿದರೆ ಬಹಳ ಅಗ್ಗ, ಹೊಸಬರಿಗೆ ದೊಡ್ಡ ಉಪಕಾರ.

ಬೇಸಿಗೆಯಲ್ಲಿ ಈ ತೋಟ ತುಂಬಿ ತುಳುಕುವುದಕ್ಕೆ ಇನ್ನೊಂದು ಕಾರಣವಿದೆ. ಭಾರತದಿಂದ ಮಕ್ಕಳ ಮನೆಗೆ ಬರುವ ತಂದೆತಾಯಂದಿರು ಹೆಚ್ಚಾಗಿ ಇಲ್ಲಿರುವುದು ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಆರು ತಿಂಗಳು, ಅಂದರೆ ಹೆಚ್ಚುಕಡಿಮೆ ತೋಟದ ಹಂಗಾಮು. ಕಾರು ಓಡಿಸಲಾರದೆ, ಹಗಲೆಲ್ಲ ಮನೆಯಲ್ಲಿ ಮಾತಿಗೆ ಜನವಿಲ್ಲದೆ ಕೂರುವ ಹಿರಿಯರಿಗೆ ಬೆಳಿಗ್ಗೆ ಆರೂವರೆಗೆ ತೆರೆಯುವ ಈ ಗೇಟು ಎಂಥ ಆಸರೆ ಎಂಬುದನ್ನು ನಾನು ನಮ್ಮ ಅತ್ತೆಯವರಲ್ಲಿ ಕಂಡಿದ್ದೇನೆ. ಕರ್ನಾಟಕದವರಲ್ಲದೆ ಗುಜರಾತಿ, ತೆಲುಗು, ಚೀನೀ, ಇಟಾಲಿಯನ್ ಮೂಲದ ಕುಟುಂಬಗಳೂ ಇವೆ. ಪಕ್ಕದ ಪ್ಲಾಟಿನ ಚೀನೀ ಅಜ್ಜಿಗೆ ಇಂಗ್ಲಿಷ್ ಬಾರದು, ಅತ್ತೆಯವರಿಗೂ ಅಷ್ಟಕ್ಕಷ್ಟೆ. ಆದರೂ ಹಾಗಲಬಳ್ಳಿಗೆ ಚಪ್ಪರ ಕಟ್ಟುವ ಅವರ ವಿಧಾನ ಜುಲೈ ವೇಳೆಗೆ ನಮ್ಮ ಪ್ಲಾಟಿಗೂ ಬಂದಿತ್ತು, ನಮ್ಮ ದಂಟಿನ ಬೀಜ ಅವರ ಪ್ಲಾಟಿಗೆ ಹೋಗಿತ್ತು. ಇದಕ್ಕಾಗಿ ಟೌನ್‌ಶಿಪ್ ವಿಶೇಷವಾಗಿ ಏನನ್ನೂ ಮಾಡಿಲ್ಲವಾದರೂ ನೆರಳಿನಲ್ಲಿ ಎರಡು ಬೆಂಚು ಹಾಕಿಸಿದ್ದಾರೆ, ಪಕ್ಕದಲ್ಲಿಯೇ ಶೌಚಾಲಯ ಇಟ್ಟಿದ್ದಾರೆ. ಹಿರಿಯರು ಗಂಟೆಗಟ್ಟಲೆ ಉಳಿಯುವ ತೋಟಕ್ಕೆ ಇವೆರಡೂ ಬೇಲಿಯಷ್ಟೇ ಮುಖ್ಯ.

ಗೇಟು ಮುಚ್ಚುವ ಹೊತ್ತಿನ ಬಗ್ಗೆ ಒಂದು ತಕರಾರಿದೆ. ಸೂರ್ಯಾಸ್ತಕ್ಕೆ ಸರಿಯಾಗಿ ಬೀಗ ಹಾಕುತ್ತಾರೆ. ಟೊಮೇಟೊ, ಸೌತೆ ಬೆಳೆಯುವವರಿಗೆ ಅದರಿಂದ ತೊಂದರೆಯಿಲ್ಲ. ಹೀರೆ ಮತ್ತು ಸೋರೆ ಬೆಳೆಯುವವರಿಗೆ ಇದೆ. ಹೀರೆಯ ಹಳದಿ ಹೂವೂ ಸೋರೆಯ ಬಿಳಿ ಹೂವೂ ಅರಳುವುದೇ ಸಂಜೆಯಾಗುವಾಗ, ಜೇನುನೊಣ ಗೂಡಿಗೆ ಮರಳುವ ಹೊತ್ತಿಗೆ. ರಾತ್ರಿಯ ಪತಂಗಗಳು ಸಾಕಷ್ಟು ಬಾರದಿದ್ದರೆ ಎಳೆ ಹೀಚು ಬೆರಳುದ್ದ ಬೆಳೆದು ಹಳದಿಯಾಗಿ ಉದುರುತ್ತದೆ. ನಮ್ಮ ಅತ್ತೆಯವರು ಗಂಡು ಹೂವನ್ನು ಕಿತ್ತು, ಎಸಳುಗಳನ್ನು ಹಿಂದಕ್ಕೆ ಮಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಮುಟ್ಟಿಸುತ್ತಿದ್ದರು. ಬುಡದಲ್ಲಿ ಪುಟ್ಟ ಹೀಚು ಇದ್ದರೆ ಅದು ಹೆಣ್ಣು ಹೂ, ಬರಿಯ ತೊಟ್ಟಿದ್ದರೆ ಗಂಡು. ಹಾಗೆ ಮುಟ್ಟಿಸಿದ ಹೂಗಳಲ್ಲಿ ಹೆಚ್ಚಿನವು ಕಾಯಿ ಕಟ್ಟಿದವು. ಜುಲೈನಲ್ಲಿ ಎಂಟೂವರೆಯವರೆಗೂ ಬೆಳಕಿರುವುದರಿಂದ ಸಮಯ ಸಿಗುತ್ತದೆ. ಸೆಪ್ಟೆಂಬರ್ ಮಧ್ಯದಲ್ಲಿ ಏಳಕ್ಕೆಲ್ಲ ಸೂರ್ಯ ಮುಳುಗುವಾಗ, ಕೆಲಸ ಮುಗಿಸಿ ಬರುವವರ ಪಾಲಿಗೆ ಹೂ ಅರಳುವುದೂ ಗೇಟು ಮುಚ್ಚುವುದೂ ಹೆಚ್ಚುಕಡಿಮೆ ಒಟ್ಟಿಗೇ ಆಗುತ್ತವೆ. ಅರ್ಧ ಗಂಟೆ ಹೆಚ್ಚಿಸಿದರೆ ಸಾಕು.

ಇನ್ನು ಅವರೆಯ ವಿಷಯ. ಈ ತೋಟದ ಕನ್ನಡ ಕುಟುಂಬಗಳು ಬೇರೆ ಏನನ್ನು ಬಿಟ್ಟರೂ ಅವರೆ ಬಿತ್ತುವುದನ್ನು ಬಿಡುವುದಿಲ್ಲ. ಊರಿನ ಅವರೆ ಹಗಲು ಮೊಟಕಾದರೆ ಮಾತ್ರ ಹೂ ಬಿಡುವ ಬೆಳೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲು ಕೂಡ ಹದಿಮೂರು ಗಂಟೆ ಮುಟ್ಟುವುದಿಲ್ಲ. ನಾಲ್ವತ್ತು ಡಿಗ್ರಿ ಉತ್ತರ ಅಕ್ಷಾಂಶದ ನ್ಯೂಜೆರ್ಸಿಯಲ್ಲಿ ಜೂನ್ ಕೊನೆಯ ಹಗಲು ಸುಮಾರು ಹದಿನೈದು ಗಂಟೆ. ಇಲ್ಲಿ ಹಗಲು ಹದಿಮೂರು ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಆರಂಭದಲ್ಲಿ. ಅಲ್ಲಿಯವರೆಗೆ ಬಳ್ಳಿ ಎಷ್ಟು ಸೊಂಪಾಗಿ ಹಬ್ಬಿದರೂ ಬರಿಯ ಎಲೆ. ಆಗಸ್ಟ್‌ನಲ್ಲಿ ಒಬ್ಬ ತರುಣಿ ಬೇಸರದಿಂದ ತನ್ನ ಬಳ್ಳಿಯನ್ನು ಕಿತ್ತು ಹಾಕಲು ಹೊರಟಿದ್ದಾಗ, ತುಮಕೂರಿನ ಕಡೆಯಿಂದ ಮಗನ ಮನೆಗೆ ಬಂದಿದ್ದ ಹಿರಿಯರೊಬ್ಬರು, "ಕೀಳಬೇಡಮ್ಮ, ಹಗಲು ಮೊಟಕಾಗೋವರೆಗೂ ಅದು ಹೂ ಬಿಡಲ್ಲ. ಗೌರಿ ಹಬ್ಬ ಕಳೀಲಿ, ನೋಡು," ಎಂದರು. ಅವರು ಹೇಳಿದಂತೆಯೇ ಆಯಿತು. ಸೆಪ್ಟೆಂಬರ್‌ನಲ್ಲಿ ಹೂಗೊಂಚಲು ಬಂತು, ಅಕ್ಟೋಬರ್ ಮೊದಲ ವಾರದಲ್ಲಿ ಸೊನೆಗಾಯಿ ಹಿಡಿಯಿತು, ಕಾಳು ಬಲಿಯಲು ಇನ್ನೂ ಎರಡು ಮೂರು ವಾರ ಬೇಕಿತ್ತು. ಹಗಲಿನ ಉದ್ದಕ್ಕೆ ಕಾಯದೆ ಹೂ ಬಿಡುವ ಎಚ್‌ಎ-3, ಎಚ್‌ಎ-4 ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದಿದೆ, ಹೆಬ್ಬಾಳ ಅವರೆಯೆಂದೇ ಅವು ಪರಿಚಿತ. ಅಂಥ ತಳಿಯಾದರೆ ಇಲ್ಲಿಯೂ ಬೇಸಿಗೆಯಲ್ಲೇ ಕಾಯಿ ಬಿಟ್ಟೀತು. ಆದರೆ ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಬೀಜ ಹಾಕಿಕೊಂಡು ಬರುವುದಕ್ಕೆ ಅಮೆರಿಕದ ಕೃಷಿ ಇಲಾಖೆಯ ಕಾನೂನು ಅಡ್ಡಿಯಾಗುತ್ತದೆ. ಸಣ್ಣ ಪ್ರಮಾಣದ ಬೀಜಕ್ಕೆಂದೇ ಆ ಇಲಾಖೆ ಕೊಡುವ ಅನುಮತಿಪತ್ರವನ್ನು ಮೊದಲೇ ಪಡೆದು, ಅದರ ಷರತ್ತಿನಂತೆ ತರಬೇಕು. ನಮ್ಮ ತೋಟದ ಹಳಬರು ಇಲ್ಲಿಯೇ ಬೇಗ ಹೂ ಬಿಟ್ಟ ಬಳ್ಳಿಗಳಿಂದ ವರ್ಷ ವರ್ಷವೂ ಬೀಜ ಎತ್ತಿಟ್ಟು ಹಂಚುತ್ತಾರೆ. ಹೊಸಬರು ಮೊದಲು ಅವರನ್ನು ಕೇಳುವುದು ಮೇಲು.

ನನ್ನ ಮುಖ್ಯ ಆಕ್ಷೇಪ ಇಲ್ಲಿಂದ ಮುಂದಿನದು. ಅಕ್ಟೋಬರ್ 31ರ ಒಳಗೆ ಪ್ಲಾಟ್‌ಗಳನ್ನು ಪೂರ್ತಿ ಖಾಲಿ ಮಾಡಬೇಕು, ಅದಕ್ಕೂ ಎರಡು ವಾರ ಮೊದಲೇ ನೀರು ನಿಲ್ಲಿಸುತ್ತಾರೆ, ನವೆಂಬರ್‌ನಲ್ಲಿ ಟ್ರ್ಯಾಕ್ಟರ್ ಬಂದು ಇಡೀ ತೋಟವನ್ನು ಒಂದೇ ಸಮ ಉತ್ತು ಹೋಗುತ್ತದೆ. ಟೊಮೇಟೊವನ್ನು ಮನಸ್ಸಿನಲ್ಲಿಟ್ಟು ಮಾಡಿದ ಕ್ಯಾಲೆಂಡರ್ ಇದು. ನಮ್ಮ ಭಾಗದಲ್ಲಿ ಗಿಡ ಸುಡುವಂಥ ಮೊದಲ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟುವ ಇಬ್ಬನಿ, ಸಾಮಾನ್ಯವಾಗಿ ಬೀಳುವುದು ಅಕ್ಟೋಬರ್‌ನ ದ್ವಿತೀಯಾರ್ಧದಲ್ಲಿ, ಕೆಲವು ವರ್ಷ ಇನ್ನೂ ತಡವಾಗಿ. ಫ್ರಾಸ್ಟ್ ಬಿದ್ದರೂ ಹೆದರದ ಬೆಳೆಗಳು ನಮ್ಮಲ್ಲಿ ಎಷ್ಟೋ ಇವೆ. ಆಗಸ್ಟ್ ಕೊನೆಯಲ್ಲಿ ಬಿತ್ತಿದ ಮೆಂತ್ಯ, ಪಾಲಕ್, ಸಬ್ಬಸಿಗೆ, ಮೂಲಂಗಿಗಳ ಮಡಿ ಸೆಪ್ಟೆಂಬರ್ ತಂಪಿನಲ್ಲಿ ಬೆಳೆಯುವ ಚೆಂದವೇ ಬೇರೆ. ಜೂನ್‌ನಲ್ಲಿ ಮೂರು ವಾರಕ್ಕೆಲ್ಲ ಹೂ ಎತ್ತಿ ಹಾಳಾಗುವ ಕೊತ್ತಂಬರಿ, ಸೆಪ್ಟೆಂಬರ್‌ನಲ್ಲಿ ಅಗಲವಾದ ದಟ್ಟ ಹಸಿರು ಎಲೆ ಬಿಡುತ್ತಾ ತಿಂಗಳಿಗೂ ಹೆಚ್ಚು ಕಾಲ ಕೊಯ್ಲಿಗೆ ಸಿಗುತ್ತದೆ. ನವಿಲುಕೋಸಂತೂ ಚಳಿ ತಾಗಿದ ಮೇಲೆಯೇ ಸಿಹಿಯಾಗುತ್ತದೆ. ಅಕ್ಟೋಬರ್ ಕೊನೆಯಲ್ಲಿ ಕಿತ್ತ ಗಡ್ಡೆಯನ್ನು ಸಿಪ್ಪೆ ಹೆರೆದು ಹಸಿಯಾಗಿಯೇ ತಿನ್ನಬಹುದು, ಎಳೆಯ ಎಲೆಗಳು ಬಸ್ಸಾರಿಗೆ ಬರುತ್ತವೆ. ಈ ಬೆಳೆಗಳೆಲ್ಲ ನವೆಂಬರ್ ಮಧ್ಯದವರೆಗೆ ಸುಲಭವಾಗಿ ನಿಲ್ಲುತ್ತವೆ. ಕೇಳುತ್ತಿರುವುದು ಹದಿನೈದು ದಿನಗಳ ಹೆಚ್ಚಿನ ಅವಕಾಶ, ಅಷ್ಟೆ.

2024ರಲ್ಲಿ ಈ ಆಕ್ಷೇಪಕ್ಕೆ ಇನ್ನಷ್ಟು ಬಲ ಬಂತು. ನ್ಯೂಜೆರ್ಸಿಯಲ್ಲಿ ಹವಾಮಾನದ ದಾಖಲೆ ಆರಂಭವಾದ 1895ರಿಂದೀಚೆಗೆ ಆ ಅಕ್ಟೋಬರ್‌ನಷ್ಟು ಒಣ ತಿಂಗಳು ಬಂದಿರಲಿಲ್ಲ. ಮಳೆ ಬಹುತೇಕ ಬೀಳಲೇ ಇಲ್ಲ. ಅಕ್ಟೋಬರ್ ಮಧ್ಯದಲ್ಲಿ ರಾಜ್ಯ ಸರ್ಕಾರ ಬರದ ಮುನ್ಸೂಚನೆ ಹೊರಡಿಸಿ ನೀರು ಮಿತವಾಗಿ ಬಳಸಲು ಕೋರಿತು, ನವೆಂಬರ್ 13ರಂದು ಬರದ ಎಚ್ಚರಿಕೆಯನ್ನೇ ಘೋಷಿಸಿತು. ಬರದ ಕಾರಣಕ್ಕೆ ನೀರು ನಿಲ್ಲಿಸಿದ್ದರೆ ಯಾರೂ ಮಾತಾಡುತ್ತಿರಲಿಲ್ಲ. ಆದರೆ ನಮ್ಮ ತೋಟದ ನಲ್ಲಿ ನಿಂತದ್ದು ವಸಂತದಲ್ಲಿಯೇ ನಿಯಮಪತ್ರದಲ್ಲಿ ಅಚ್ಚಾಗಿದ್ದ ತಾರೀಖಿಗೆ, ಪೈಪಿನಲ್ಲಿ ನೀರು ಹೆಪ್ಪುಗಟ್ಟೀತೆಂಬ ಕಾರಣಕ್ಕೆ. ನೆಲದಡಿಯ ಪೈಪು ಒಡೆಯುವಂಥ ಚಳಿ ಇಲ್ಲಿ ಅಕ್ಟೋಬರ್‌ನಲ್ಲಿ ಬರುವುದಿಲ್ಲ. ಉದುರೆಲೆಯನ್ನು ನಾಲ್ಕು ಅಂಗುಲ ದಪ್ಪಕ್ಕೆ ಹೊದಿಸಿದ್ದ ಮಡಿಗಳು ಆ ಎರಡು ವಾರ ತಡೆದುಕೊಂಡವು. ಬರಿ ಮಣ್ಣಿನ ಮಡಿಗಳಲ್ಲಿ ಪಾಲಕ್ ಬಾಡಿ ಮಲಗಿತು. ಮನೆಯಿಂದ ಕ್ಯಾನಿನಲ್ಲಿ ನೀರು ಹೊತ್ತು ತಂದು ಅವರೆಯ ಬುಡಕ್ಕೆ ಹಾಕುತ್ತಿದ್ದ ಹಿರಿಯರನ್ನು ಕಂಡಾಗ ನಿಜಕ್ಕೂ ಸಂಕಟವಾಯಿತು. ಸೊನೆಗಾಯಿಯ ಒಂದು ಭಾಗವಷ್ಟೇ ಕೈಗೆ ಬಂತು, ಉಳಿದದ್ದು ಬಳ್ಳಿಯ ಜೊತೆ ಗೊಬ್ಬರದ ರಾಶಿಗೆ ಹೋಯಿತು.

ನವೆಂಬರ್‌ನ ಉಳುಮೆಯನ್ನೂ ಪ್ರಶ್ನಿಸಬೇಕು. ಬೆಳ್ಳುಳ್ಳಿಯನ್ನು ಇಲ್ಲಿ ನೆಡುವುದು ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದೊಳಗೆ. ಅದು ಹಿಮದಡಿ ಬೇರೂರಿ ಮರುವರ್ಷದ ಜುಲೈನಲ್ಲಿ ಕೊಯ್ಲಿಗೆ ಬರುತ್ತದೆ. ಇಡೀ ತೋಟವನ್ನು ಉಳುವ ಕಡೆ ಬೆಳ್ಳುಳ್ಳಿ ಸಾಧ್ಯವೇ ಇಲ್ಲ. ಚಳಿಗಾಲದುದ್ದಕ್ಕೂ ಮಣ್ಣನ್ನು ಹಿಡಿದಿಡಲು ರೈ ಹುಲ್ಲು ಅಥವಾ ಕೆಂಪು ಕ್ಲೋವರ್ ಬಿತ್ತುವುದಕ್ಕೂ ಅವಕಾಶವಿಲ್ಲ. ಉತ್ತು ಬೆತ್ತಲೆ ಬಿಟ್ಟ ಈ ಜಿಗುಟು ಮಣ್ಣು ಮಾರ್ಚ್ ಮಳೆಗೆ ಕೊಚ್ಚಿ ತಗ್ಗಿನ ಪ್ಲಾಟ್‌ಗಳಿಗೆ ಇಳಿಯುವುದನ್ನು ಕೆಂಪು ನೀರಿನ ಗುರುತುಗಳೇ ತೋರಿಸುತ್ತವೆ. ಉಳದೆ ಬಿಡುವ, ಒಂದೇ ಕುಟುಂಬಕ್ಕೆ ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಪ್ಲಾಟ್‌ಗಳ ಭಾಗವೊಂದನ್ನು ಪ್ರತ್ಯೇಕವಾಗಿ ಇಟ್ಟಿರುವ ತೋಟಗಳು ಈ ರಾಜ್ಯದಲ್ಲಿಯೇ ಇವೆ. ಬಾಡಿಗೆ ಹತ್ತಿಪ್ಪತ್ತು ಡಾಲರ್ ಹೆಚ್ಚಾದರೂ ಅಂಥ ಪ್ಲಾಟ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ಆಡಳಿತದ ಉಳಿದ ವಿಷಯಗಳಲ್ಲಿ ದೂರಿಲ್ಲ. ಹೆಚ್ಚಾದ ತರಕಾರಿಯನ್ನು ಮಾರುವಂತಿಲ್ಲ. ಗೇಟಿನ ಬಳಿಯ ಪೆಟ್ಟಿಗೆಗೆ ಹಾಕಿದರೆ ಸ್ವಯಂಸೇವಕರು ಶನಿವಾರ ಅದನ್ನು ಊರಿನ ಅನ್ನದಾನ ಕೇಂದ್ರಕ್ಕೆ ಮುಟ್ಟಿಸುತ್ತಾರೆ. ಅಲ್ಲಿ ಬೆಂಡೆ, ಬದನೆಗಳಿಗೆ ಬೇಡಿಕೆ ಚೆನ್ನಾಗಿದೆ, ದಂಟನ್ನೂ ಬಸಳೆಯನ್ನೂ ಹೇಗೆ ಬೇಯಿಸಬೇಕೆಂಬ ಚೀಟಿ ಬರೆದಿಟ್ಟ ಮೇಲೆ ಅವೂ ಖರ್ಚಾಗುತ್ತಿವೆ. ಪಕ್ಕದವರ ಪ್ಲಾಟಿಗೆ ನೆರಳು ಬೀಳುವಂತೆ ಚಪ್ಪರ ಹಾಕಬಾರದೆಂಬ ನಿಯಮವಿದೆ, ಆದ್ದರಿಂದ ಹೀರೆ ಅವರೆ ಬೆಳೆಯುವವರು ತೋಟದ ಉತ್ತರದ ಅಂಚಿನ ಪ್ಲಾಟನ್ನೇ ಕೇಳಬೇಕು. ಕಳೆ ಬೆಳೆಯಲು ಬಿಟ್ಟವರಿಗೆ ಎರಡು ಬಾರಿ ಪತ್ರ ಬರೆದು, ಮೂರನೆಯ ಸಲ ಪ್ಲಾಟನ್ನು ಕಾಯುವ ಪಟ್ಟಿಯಲ್ಲಿರುವವರಿಗೆ ಕೊಡುತ್ತಾರೆ. ಕಠಿಣವೆನಿಸಿದರೂ, ಬೀಜವಾದ ಒಂದು ಪ್ಲಾಟಿನ ಕಳೆ ಸುತ್ತಲಿನ ಎಲ್ಲರನ್ನೂ ಕಾಡುವುದರಿಂದ ಇದು ಬೇಕಾದ ನಿಯಮವೇ.

ಹಂಗಾಮು ಮುಗಿದ ಮೇಲೆ ನಾವು ಕೆಲವರು ಸೇರಿ ಟೌನ್‌ಶಿಪ್‌ಗೆ ಲಿಖಿತವಾಗಿ ಮೂರು ವಿಷಯ ಕೇಳಿಕೊಂಡೆವು: ಖಾಲಿ ಮಾಡುವ ದಿನ ನವೆಂಬರ್ 15 ಆಗಲಿ, ಬರವಿಲ್ಲದ ವರ್ಷಗಳಲ್ಲಿ ಒಂದು ನಲ್ಲಿಯನ್ನಾದರೂ ಅಲ್ಲಿಯವರೆಗೆ ತೆರೆದಿಡಲಿ, ಪಶ್ಚಿಮದ ಎರಡು ಸಾಲುಗಳನ್ನು ಉಳದೆ ಬಿಡಲಿ. ನೀರಿನ ಬಗ್ಗೆ ಪರಿಶೀಲಿಸುವುದಾಗಿ ಉತ್ತರ ಬಂದಿದೆ, ಉಳಿದೆರಡರ ಬಗ್ಗೆ ಇನ್ನೂ ಬಂದಿಲ್ಲ. ಹೊಸ ಅರ್ಜಿಗಳನ್ನು ಫೆಬ್ರುವರಿಯಲ್ಲಿ ತೆಗೆದುಕೊಳ್ಳುತ್ತಾರೆ, ಹಳಬರಿಗೆ ಮೊದಲ ಆದ್ಯತೆ. ಅರ್ಜಿಯ ಜೊತೆ ಮನೆ ವಿಳಾಸದ ಪುರಾವೆ ಬೇಕು. ಉತ್ತರದ ಅಂಚು ಬೇಕೆಂಬುದನ್ನು ಷರಾ ಕಾಲಂನಲ್ಲಿ ಮರೆಯದೆ ಬರೆಯಿರಿ.